ಒಂದು ಮಳೆಗಾಲ, ಎರಡು ಫೋನು: ಯಾವ ಫೀಡ್ ತೋಟದ ಕೆಲಸಕ್ಕೆ ಬಂತು?

ಆ್ಯಪ್ ತೆಗೆದರೆ ಮುಂದೆ ಬಂದು ಕೂರುವ ವಿಡಿಯೋ, ಬರಹಗಳ ಸಾಲಿಗೆ ಫೀಡ್ ಅನ್ನುತ್ತಾರೆ. ಯಾವ ಬಗೆಯ ಫೀಡ್ ನಮಗೆ ಉಪಯೋಗಕ್ಕೆ ಬರುತ್ತದೆ ಅಂತ ಈ ಮಳೆಗಾಲದಲ್ಲಿ ಎರಡು ಫೋನುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಒಂದು, ನಾನು ವರ್ಷಗಟ್ಟಲೆ ಬಳಸುತ್ತಿರುವುದು. ಅದರಲ್ಲಿ ನನ್ನ ಅಕೌಂಟ್ ಇದೆ, ಹಿಂದೆ ನೋಡಿದ್ದು, ಹುಡುಕಿದ್ದರ ಪಟ್ಟಿ, ಅಂದರೆ ಹಳೇ ಹಿಸ್ಟರಿ ಇದೆ. ನನ್ನ ಊರು ಯಾವುದು, ವಯಸ್ಸೆಷ್ಟು, ಯಾರ ಯಾರ ನಂಬರ್ ಇದೆ, ರಾತ್ರಿ ಎಷ್ಟು ಹೊತ್ತಿಗೆ ಫೋನ್ ಕೆಳಗಿಡುತ್ತೇನೆ, ಎಲ್ಲವೂ ಆ್ಯಪ್‌ಗಳಿಗೆ ಗೊತ್ತು. ಇನ್ನೊಂದು, ಕಪಾಟಿನಲ್ಲಿ ಸುಮ್ನೆ ಬಿದ್ದಿದ್ದ ಹಳೇ ಫೋನು. ಅದನ್ನು ಪೂರ್ತಿ ಅಳಿಸಿ, ಆದಷ್ಟು ಕಡಿಮೆ ಗುರುತು ಕೊಟ್ಟು ಶುರು ಮಾಡಿದೆ. ಎರಡಕ್ಕೂ ಮನೆಯ ಒಂದೇ ವೈಫೈ.

ಅಳತೆಗೆ ನಮ್ಮ ಅಡಿಕೆ ತೋಟವನ್ನೇ ಇಟ್ಟುಕೊಂಡೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ ನಮ್ಮದು. ಇಲ್ಲಿ ಜೂನ್ ಬಂತೆಂದರೆ ಗೊನೆಗೆ ಬರುವ ಕೊಳೆ ರೋಗದ ಚಿಂತೆ, ಅದರ ಜೊತೆಗೆ ಈಗ ಕೆಲವು ವರ್ಷಗಳಿಂದ ಸೋಗೆಗೆ, ಅಂದರೆ ಅಡಿಕೆಯ ಎಲೆಗೆ, ಬರುವ ಎಲೆಚುಕ್ಕಿ ರೋಗದ ಚಿಂತೆ. ಔಷಧಿ ಯಾವಾಗ ಹೊಡೆಸಬೇಕು, ಯಾವುದು ಹೊಡೆಸಬೇಕು, ನಾಳೆ ಮಳೆ ಬಿಡುವು ಕೊಡುತ್ತದಾ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಸಿಗುತ್ತಾನಾ ಅನ್ನುವುದರ ಮೇಲೆ ವರ್ಷದ ಫಸಲು ನಿಂತಿದೆ. ಫೋನಿನಲ್ಲಿ ಬಂದ ಮಾತು ನಂಬಿ ಔಷಧಿ ಹೊಡೆಸಿದರೆ, ಆ ಮಾತು ಸರಿಯೋ ತಪ್ಪೋ ಅಂತ ತಿಂಗಳೊಳಗೆ ಗೊನೆ ನೋಡಿದರೆ ತಿಳಿಯುತ್ತದೆ. ಹಾಗಾಗಿ "ಯಾವ ಫೀಡ್ ಚೆನ್ನಾಗಿದೆ" ಅನ್ನುವ ಪ್ರಶ್ನೆ ನಮಗೆ ಕಾಲಹರಣದ ಪ್ರಶ್ನೆ ಅಲ್ಲ.

ನೋಡಿದ ದಾರಿಗಳು ಇವು: ಆ್ಯಪ್ ಕೊಟ್ಟದ್ದನ್ನು ಹಾಗೇ ನೋಡುವುದು, "ಇದು ಬೇಡ" ಅಂತ ಒತ್ತಿ ಒತ್ತಿ ಫೀಡ್ ತಿದ್ದುವುದು, ಹಿಸ್ಟರಿ ಬಂದ್ ಮಾಡುವುದು, ನಾನೇ ಆರಿಸಿದವರದ್ದನ್ನು ಮಾತ್ರ ನೋಡುವುದು, ಕೊನೆಗೆ ನಮ್ಮೂರ ಕಡೆಯ ವಾಟ್ಸಾಪ್ ಗುಂಪು.

ಹಾಗೇ ಬಿಟ್ಟ ಫೀಡ್

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ. ಯಾಕೆಂದರೆ ನಮ್ಮ ಕಡೆ ಹೆಚ್ಚಿನವರು ಬಳಸುವುದು ಇದನ್ನೇ. ಇದು ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ.

ಯೂಟ್ಯೂಬ್ ತನ್ನ ಶಿಫಾರಸು ಹೇಗೆ ಕೆಲಸ ಮಾಡುತ್ತದೆ ಅಂತ ಗೂಗಲ್ ಎಂಜಿನಿಯರ್‌ಗಳೇ 2016ರಲ್ಲಿ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ. ಕೆಲಸ ಎರಡು ಹಂತದ್ದು. ಮೊದಲ ಹಂತದಲ್ಲಿ ಲಕ್ಷಗಟ್ಟಲೆ ವಿಡಿಯೋಗಳಿಂದ ನಿಮಗೆ ಹೊಂದಬಹುದಾದ ಕೆಲವು ನೂರನ್ನು ಸೋಸಿ ತೆಗೆಯುತ್ತದೆ. ನೀವು ಹಿಂದೆ ನೋಡಿದ್ದು, ಹುಡುಕಿದ್ದು, ನೀವಿರುವ ಜಾಗ, ವಯಸ್ಸು, ನಿಮ್ಮಂಥವರು ಏನು ನೋಡಿದರು, ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಎರಡನೇ ಹಂತದಲ್ಲಿ ಆ ನೂರರಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ಸಾಲಾಗಿ ಜೋಡಿಸುತ್ತದೆ. ಆಗ ಯಂತ್ರ ಊಹಿಸುವುದು ಒಂದು ಸಂಗತಿ: ಇದನ್ನು ಮುಂದೆ ಇಟ್ಟರೆ ಇವರು ಎಷ್ಟು ಹೊತ್ತು ನೋಡುತ್ತಾರೆ? ಯೂಟ್ಯೂಬ್ 2012ರಲ್ಲೇ ಕ್ಲಿಕ್ಕಿನ ಲೆಕ್ಕ ಬಿಟ್ಟು ನೋಡಿದ ಹೊತ್ತಿನ ಲೆಕ್ಕಕ್ಕೆ ಬಂದಿತ್ತು. ಆಮೇಲೆ "ಈ ವಿಡಿಯೋ ಹೇಗಿತ್ತು" ಅಂತ ಕೇಳುವ ಸಮೀಕ್ಷೆ, ಲೈಕು, ಶೇರು ಎಲ್ಲ ಸೇರಿಕೊಂಡಿವೆ. ಜನ ಯೂಟ್ಯೂಬ್ ನೋಡುವ ಹೊತ್ತಿನಲ್ಲಿ ಶೇಕಡಾ 70ಕ್ಕೂ ಜಾಸ್ತಿ ಶಿಫಾರಸಿನಿಂದಲೇ ಬರುತ್ತದೆ ಅಂತ ಆ ಕಂಪನಿಯ ನೀಲ್ ಮೋಹನ್ 2018ರಲ್ಲಿ ಹೇಳಿದ್ದರು. ಅಂದರೆ ಬಹಳಷ್ಟು ನಾವು ಹುಡುಕಿ ನೋಡುವುದಲ್ಲ, ಮುಂದೆ ಬಂದದ್ದನ್ನು ನೋಡುವುದು.

ಈ "ನೋಡಿದ ಹೊತ್ತು" ಅನ್ನುವ ಅಳತೆ ತೋಟದ ವಿಷಯದಲ್ಲಿ ಎಲ್ಲಿ ಕೈ ಕೊಡುತ್ತದೆ ಅಂತ ನಾನು ಹತ್ತಿರದಿಂದ ಕಂಡೆ. ಯಾವ ಆ್ಯಪ್ ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಈ ಲೆಕ್ಕ ಇಟ್ಟುಕೊಂಡ ಎಲ್ಲದರದ್ದೂ ಒಂದೇ ದಾರಿ.

ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ವಿಜ್ಞಾನಿಯೊಬ್ಬರ ಉದ್ದದ ವಿಡಿಯೋ ಒಂದಿತ್ತು. ಅವರು ನಿಧಾನಕ್ಕೆ ಹೇಳುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಬೇಕು, ಕಬ್ಬಿಣದ ಪಾತ್ರೆ ಬೇಡ. ಬೆರೆಸಿದ ಮೇಲೆ ತೊಳೆದ ಕಬ್ಬಿಣದ ಚಾಕು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ದ್ರಾವಣ ಇನ್ನೂ ಹುಳಿ ಇದೆ, ಸುಣ್ಣದ ತಿಳಿ ಹಾಕಬೇಕು. ಹಾಗೇ ಹೊಡೆದರೆ ಗೊನೆ, ಸೋಗೆ ಸುಡುತ್ತದೆ. ಆ ಚಾಕುವಿನ ಪರೀಕ್ಷೆ ನೋಡಲೆಂದೇ ನಾನು ವಿಡಿಯೋ ತೆಗೆದದ್ದು. ಅದು ಮಧ್ಯದಲ್ಲೆಲ್ಲೋ ಇತ್ತು. ಅಲ್ಲಿಗೆ ಎಳೆದು ನೋಡಿ, ಗೊತ್ತಾಯಿತಲ್ಲ ಅಂತ ಮುಚ್ಚಿದೆ.

ಅದೇ ದಿನ ಇನ್ನೊಂದು ಚಿಕ್ಕ ವಿಡಿಯೋ ಬಂತು. ಎಲೆಚುಕ್ಕಿಗೆ ಒಂದೇ ಸ್ಪ್ರೇ, ಮತ್ತೆ ಬರುವುದೇ ಇಲ್ಲ ಅನ್ನುವುದು. ಕೆಂಪು ಬಾಣ, ಜೋರು ಸಂಗೀತ, ಒಣಗಿದ ಸೋಗೆ ಒಂದು ಕಡೆ, ಹಸಿರು ಸೋಗೆ ಇನ್ನೊಂದು ಕಡೆ. ಔಷಧಿಯ ಹೆಸರು ಓದುವಷ್ಟರಲ್ಲಿ ಅಕ್ಷರ ಹಾರಿಹೋಗುತ್ತಿತ್ತು. ಹಾಗಾಗಿ ಎರಡೆರಡು ಸಲ ನೋಡಬೇಕಾಯಿತು.

ಈಗ ಯಂತ್ರದ ಕಡೆಯಿಂದ ನೋಡಿ. ನನಗೆ ನಿಜವಾಗಿ ಉಪಯೋಗಕ್ಕೆ ಬಂದ ವಿಡಿಯೋವನ್ನು ನಾನು ಸ್ವಲ್ಪ ನೋಡಿ ಬಿಟ್ಟೆ, ಅಂದರೆ ಇಷ್ಟವಾಗಲಿಲ್ಲ. ನಂಬಿಕೆ ಬಾರದ ವಿಡಿಯೋವನ್ನು ಪೂರ್ತಿ ನೋಡಿದೆ, ಮತ್ತೆ ನೋಡಿದೆ, ಅಂದರೆ ಬಹಳ ಇಷ್ಟವಾಯಿತು. ಮಾರನೇ ದಿನದಿಂದ ಫೀಡಿನಲ್ಲಿ "ಒಂದೇ ಸ್ಪ್ರೇ" ಬಗೆಯದ್ದೇ ಸಾಲು. ವಿಜ್ಞಾನಿಯ ಮುಖ ಮತ್ತೆ ಕಾಣಲಿಲ್ಲ. ಯಂತ್ರ ಸುಳ್ಳು ಹೇಳುತ್ತಿಲ್ಲ, ಮೋಸದ ಔಷಧಿ ಯಾವುದು ಅಂತ ಅದಕ್ಕೆ ಗೊತ್ತೂ ಇಲ್ಲ. ನಾನು ಎಲ್ಲಿ ನಿಂತೆ ಅನ್ನುವುದಷ್ಟೇ ಅದಕ್ಕೆ ಕಾಣುತ್ತದೆ. ಯಾಕೆ ನಿಂತೆ ಅನ್ನುವುದು ಕಾಣುವುದಿಲ್ಲ. ತೋಟದವರು ನಿಲ್ಲುವುದು ಹೆಚ್ಚಾಗಿ ಭಯದಿಂದ, ಅಲ್ವಾ? ಪಕ್ಕದ ತೋಟದಲ್ಲಿ ಚುಕ್ಕಿ ಕಂಡ ದಿನ ಎಲೆಚುಕ್ಕಿ ಅಂತ ಏನು ಬಂದರೂ ನಾವು ನೋಡುತ್ತೇವೆ. ಆ ಭಯವೇ ಫೀಡಿಗೆ ಆಸಕ್ತಿಯಾಗಿ ಕಾಣುತ್ತದೆ.

ಎಲೆಚುಕ್ಕಿಗೆ ಒಂದೇ ಸ್ಪ್ರೇಯಲ್ಲಿ ಮುಗಿಯುವ ಮದ್ದು ಇಲ್ಲ. ರೋಗ ಬಂದ ಸೋಗೆ ಕಡಿದು ತೋಟದಿಂದ ಹೊರಗೆ ಹಾಕಿ ಸುಡಬೇಕು, ಶಿಲೀಂಧ್ರನಾಶಕವನ್ನು ಬದಲಿಸಿ ಬದಲಿಸಿ ಹೊಡೆಯಬೇಕು, ಪಕ್ಕದ ತೋಟದವರೂ ಸೇರಿ ಮಾಡಬೇಕು. ಇದು ಐವತ್ತು ಸೆಕೆಂಡಿನಲ್ಲಿ ಹೇಳುವ ಸಂಗತಿಯಲ್ಲ. ಹೇಳಿದರೂ ಯಾರೂ ಎರಡನೇ ಸಲ ನೋಡುವಂಥದ್ದಲ್ಲ.

ಆದರೆ ಇದೇ ಫೀಡಿನ ಇನ್ನೊಂದು ಮುಖವನ್ನೂ ಹೇಳಲೇಬೇಕು. ನಮ್ಮ ಮಾವನವರಿಗೆ ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕೂತು ಪದ್ಯ ಹಾಡಿ ಅರ್ಥ ಹೇಳುವ ಯಕ್ಷಗಾನ, ಅಂದರೆ ಪ್ರಾಣ. ಅವರ ಫೋನಿನಲ್ಲಿ ಹಾಗೇ ಬಿಟ್ಟ ಫೀಡು ಮಾಡಿದ ಕೆಲಸ ನಾನು ಕೈಯಾರೆ ಹುಡುಕಿದ್ದರೂ ಆಗುತ್ತಿರಲಿಲ್ಲ. ಯಾರೋ ಹಳೇ ಕ್ಯಾಸೆಟ್ಟಿನಿಂದ ಹಾಕಿದ್ದು, ಹೆಚ್ಚು ಜನ ನೋಡದೇ ಇದ್ದದ್ದು, ಹೆಸರೂ ಸರಿಯಾಗಿ ಬರೆಯದೇ ಇದ್ದದ್ದು, ಅಂಥ ರೆಕಾರ್ಡಿಂಗ್‌ಗಳು ಒಂದೊಂದೇ ಬಂದವು. "ಈ ಅರ್ಥ ನಾನು ಮೂವತ್ತು ವರ್ಷದ ಕೆಳಗೆ ಎದುರಿಗೆ ಕೂತು ಕೇಳಿದ್ದೆ ಕಣಮ್ಮಾ, ಇದು ಎಲ್ಲಿತ್ತು?" ಅಂತ ಕೇಳಿದರು. ತಾಳಮದ್ದಳೆ ಕೇಳುವವರು ಇನ್ನೇನು ಕೇಳುತ್ತಾರೆ ಅನ್ನುವ ಲೆಕ್ಕ ಅಲ್ಲಿ ಸರಿಯಾಗಿ ಕೂತಿತು. ಅವರು ಪೂರ್ತಿ ಕೇಳುವುದು ಇಷ್ಟಪಟ್ಟೇ, ಭಯಪಟ್ಟು ಅಲ್ಲ. ತಪ್ಪು ಪದ್ಯ ಬಂದರೆ ನಷ್ಟವೂ ಇಲ್ಲ.

"ಇದು ಬೇಡ" ಅಂತ ಒತ್ತಿ ತಿದ್ದುವುದು

ಫೀಡನ್ನು ನಾವೇ ಕಲಿಸಬಹುದು ಅಂತ ಎಲ್ಲ ಆ್ಯಪ್‌ಗಳೂ ಹೇಳುತ್ತವೆ. ಮೂರು ಚುಕ್ಕಿ ಒತ್ತಿದರೆ "ಆಸಕ್ತಿ ಇಲ್ಲ", "ಈ ಚಾನೆಲ್ ತೋರಿಸಬೇಡಿ" ಅನ್ನುವ ಆಯ್ಕೆಗಳು ಬರುತ್ತವೆ. ಮಳೆಗಾಲದ ಮೊದಲ ಭಾಗ ಪೂರ್ತಿ ಹಠ ಹಿಡಿದು ಇದನ್ನು ಮಾಡಿದೆ.

"ಆಸಕ್ತಿ ಇಲ್ಲ" ಒತ್ತಿದ್ದಕ್ಕೆ ಹೆಚ್ಚೇನೂ ಫಲ ಕಾಣಲಿಲ್ಲ. ಚಾನೆಲ್ಲನ್ನೇ ತಡೆದರೆ ಆ ಚಾನೆಲ್ ಹೋಯಿತು, ಅದೇ ಬಾಟಲಿ ಮಾರುವ ಇನ್ನೊಂದು ಚಾನೆಲ್ ಬಂತು. ನನ್ನ ಅನುಭವ ಬೇರೆಯವರದಕ್ಕೂ ಹೊಂದುತ್ತದೆ. ಮೊಜಿಲ್ಲಾ ಫೌಂಡೇಶನ್ 2022ರಲ್ಲಿ 22,722 ಜನ ಕೊಟ್ಟ ಮಾಹಿತಿ ಇಟ್ಟುಕೊಂಡು ಯೂಟ್ಯೂಬಿನ ಈ ಗುಂಡಿಗಳನ್ನು ಪರೀಕ್ಷಿಸಿತ್ತು. ಬೇಡದ ಶಿಫಾರಸುಗಳನ್ನು "ಚಾನೆಲ್ ತೋರಿಸಬೇಡಿ" ಶೇಕಡಾ 43ರಷ್ಟು ತಡೆಯಿತು, ಹಿಸ್ಟರಿಯಿಂದ ತೆಗೆಯುವುದು 29ರಷ್ಟು, ಡಿಸ್‌ಲೈಕ್ 12ರಷ್ಟು, "ಆಸಕ್ತಿ ಇಲ್ಲ" 11ರಷ್ಟು. ಅಂದರೆ ಕೈ ಹಾಕುವುದಿದ್ದರೆ ಚಾನೆಲ್ ತಡೆಯುವುದಕ್ಕೆ, ಹಿಸ್ಟರಿಯಿಂದ ಆ ವಿಡಿಯೋ ಅಳಿಸುವುದಕ್ಕೆ ಕೈ ಹಾಕಿ. ಉಳಿದದ್ದಕ್ಕೆ ಹೊತ್ತು ಕಳೆಯಬೇಡಿ.

ಮಗಳಿಗೆ ಈ ದಾರಿ ಒಗ್ಗಿತು. ಅವಳಿಗೆ ತಾಳ್ಮೆಯೂ ಇದೆ, ಬೆರಳಿನ ವೇಗವೂ ಇದೆ. ಗದ್ದೆಯಿಂದ ಬಂದು ಒದ್ದೆ ಕೈ ಒರೆಸಿಕೊಂಡು ಫೋನ್ ಹಿಡಿಯುವವರಿಗೆ ಆಗುವ ಕೆಲಸ ಅಲ್ಲ.

ಹಿಸ್ಟರಿ ಬಂದ್

ಹಳೇ ಫೋನಿನಲ್ಲಿ ಇದನ್ನು ಮಾಡಿದೆ. ಯೂಟ್ಯೂಬಿನಲ್ಲಿ 2023ರ ಆಗಸ್ಟ್‌ನಿಂದ ಒಂದು ಬದಲಾವಣೆ ಆಗಿದೆ: ನೋಡಿದ ಹಿಸ್ಟರಿ ಬಂದ್ ಮಾಡಿ, ಹಳೆಯದೂ ಹೆಚ್ಚು ಉಳಿದಿಲ್ಲ ಅಂದರೆ ಹೋಮ್ ಪುಟದಲ್ಲಿ ಶಿಫಾರಸುಗಳೇ ಬರುವುದಿಲ್ಲ. ಮೇಲೆ ಹುಡುಕುವ ಪಟ್ಟಿ, ಕೆಳಗೆ ಖಾಲಿ. ಬಹಳ ಜನ ಇದನ್ನು ಕಂಡು ಆ್ಯಪ್ ಕೆಟ್ಟಿತು ಅಂದುಕೊಳ್ಳುತ್ತಾರೆ. ನನಗೆ ಮಾತ್ರ ಆ ಖಾಲಿ ಪುಟ ಬಹಳ ಹಿಡಿಸಿತು. ಆ್ಯಪ್ ತೆಗೆದ ಕೂಡಲೇ ನಾನು ಯಾಕೆ ತೆಗೆದೆ ಅನ್ನುವುದು ನೆನಪಿರುತ್ತದೆ. "ಅಡಿಕೆ ಕೊಳೆ ಎರಡನೇ ಸಲ ಔಷಧಿ" ಅಂತ ಹೇಳಿ ಹುಡುಕುತ್ತೇನೆ, ನೋಡುತ್ತೇನೆ, ಮುಚ್ಚುತ್ತೇನೆ.

ತೊಂದರೆಯೂ ಇದೆ. ಅರ್ಧ ನೋಡಿದ ವಿಡಿಯೋ ಎಲ್ಲಿಗೆ ನಿಂತಿತ್ತು ಅಂತ ಸಿಗುವುದಿಲ್ಲ. ಮಾವನವರ ಫೋನಿನಲ್ಲಿ ಹೀಗೆ ಮಾಡಿದ ಮಾರನೇ ದಿನವೇ "ರಾತ್ರಿ ಕೇಳ್ತಿದ್ದುದು ಎಲ್ಲೋಯ್ತು?" ಅಂತ ಬಂತು, ಸಂಜೆಗೆ ಮೊದಲಿನಂತೆ ಮಾಡಿಕೊಟ್ಟೆ. ಅಂಥವರಿಗೆ ಮಧ್ಯದ ದಾರಿ ಒಂದಿದೆ. ಗೂಗಲ್ ಅಕೌಂಟಿನಲ್ಲಿ ಹಿಸ್ಟರಿ ತಾನಾಗೇ ಅಳಿಸಿಹೋಗುವಂತೆ 3, 18 ಅಥವಾ 36 ತಿಂಗಳಿಗೆ ಇಡಬಹುದು. ಮಲೆನಾಡಿನಲ್ಲಿ 3 ತಿಂಗಳು ಸರಿಯಾದ ಲೆಕ್ಕ. ಮಳೆಗಾಲದ ಭಯ ಕೊಯ್ಲಿನ ಕಾಲಕ್ಕೆ ಫೀಡಿನಲ್ಲಿ ಉಳಿಯುವುದಿಲ್ಲ.

ಹಿಸ್ಟರಿ ಬಂದ್ ಮಾಡಿದರೆ ಎಲ್ಲ ನಿಂತಿತು ಅಂತ ತಿಳಿಯಬೇಡಿ. ಯಾವ ನೆಟ್‌ವರ್ಕಿನಿಂದ ಬಂದಿರಿ, ಯಾವ ಫೋನು, ಯಾವ ಜಿಲ್ಲೆ ಅನ್ನುವುದು ಆಗಲೂ ಹೋಗುತ್ತದೆ. ಆಂಡ್ರಾಯ್ಡ್ ಫೋನಿಗೆ ಜಾಹೀರಾತಿಗೆಂದೇ ಒಂದು ಗುರುತಿನ ಸಂಖ್ಯೆ ಇದೆ, ಬೇರೆ ಬೇರೆ ಆ್ಯಪ್‌ಗಳು ಅದರಿಂದ ಒಬ್ಬರನ್ನೇ ಗುರುತು ಹಿಡಿಯುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆ್ಯಡ್ಸ್ ಅಂತ ಹೋದರೆ ಅದನ್ನು ಅಳಿಸಬಹುದು. ಎರಡು ನಿಮಿಷದ ಕೆಲಸ. ಮನೆಯ ಎಲ್ಲ ಫೋನುಗಳಲ್ಲೂ ಅಳಿಸಿದ್ದೇನೆ.

ಕಾಯಿಲೆಯ ವಿಷಯಕ್ಕೆ ಮಾತ್ರ ನಾನು ಗುರುತಿಲ್ಲದ ದಾರಿ ಬಿಟ್ಟು ಬೇರೆಯದನ್ನು ಬಳಸುವುದೇ ಇಲ್ಲ. ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇಲ್ಲಿ ಇನ್ನೂ ಹೋಗಿಲ್ಲ. ಬೇಸಿಗೆಯಲ್ಲಿ ಸೊಪ್ಪು ತರಲು ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಮನೆಮಂದಿಗೆಲ್ಲ ಎದೆ ಢವಢವ. ಒಂದು ಸಲ ಅದರ ಲಕ್ಷಣ ಹುಡುಕಿದರೆ, ಅಕೌಂಟ್ ಇರುವ ಫೋನಿನಲ್ಲಿ ವಾರಗಟ್ಟಲೆ ಜ್ವರ, ರಕ್ತ, ಸಾವು ಅನ್ನುವ ವಿಡಿಯೋಗಳೇ ಬರುತ್ತವೆ. ಜ್ವರ ಇಳಿದರೂ ಅವು ಇಳಿಯುವುದಿಲ್ಲ. ಇಂಥದ್ದಕ್ಕೆ ಡಕ್‌ಡಕ್‌ಗೋ ಅನ್ನುವ ಹುಡುಕುತಾಣ ಬಳಸುತ್ತೇನೆ. 2008ರಲ್ಲಿ ಶುರುವಾದ ಇದು ಹುಡುಕಿದವರ ಬಗ್ಗೆ ಕಡತ ಕಟ್ಟುವುದಿಲ್ಲ, ಆಗ ಹುಡುಕಿದ ಪದಕ್ಕೆ ತಕ್ಕ ಜಾಹೀರಾತು ತೋರಿಸುತ್ತದೆ. ಕನ್ನಡದಲ್ಲಿ ಹುಡುಕಿದಾಗ ನನಗೆ ಗೂಗಲ್‌ನಲ್ಲೇ ಜಾಸ್ತಿ ಸಿಗುತ್ತದೆ, ಹಾಗಾಗಿ ಉಳಿದ ಕೆಲಸಕ್ಕೆ ಅದೇ. ಕಾಯಿಲೆಗೆ ಇಂಗ್ಲಿಷ್ ಹೆಸರು ಹಾಕಿ ಇದರಲ್ಲಿ ಹುಡುಕುವುದು. ಜ್ವರ ಬಂದರೆ ಫೋನ್ ನೋಡುತ್ತಾ ಕೂರದೆ ಆಶಾ ಕಾರ್ಯಕರ್ತೆಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.

ನಾನೇ ಆರಿಸಿದವರದ್ದು ಮಾತ್ರ

ನನ್ನ ಮಟ್ಟಿಗೆ ಗೆದ್ದದ್ದು ಇದು.

ಇದರಲ್ಲಿ ಎರಡು ಬಗೆ. ಮೊದಲನೆಯದು ಆ್ಯಪ್‌ಗಳ ಒಳಗೇ ಇದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಇನ್‌ಸ್ಟಾಗ್ರಾಂ 2016ರಲ್ಲಿ ಹೊಸದು ಮೇಲೆ ಹಳೆಯದು ಕೆಳಗೆ ಅನ್ನುವ ಕ್ರಮ ಬಿಟ್ಟಿತು. ಜನ ಕೇಳುತ್ತಲೇ ಇದ್ದರು. 2022ರ ಮಾರ್ಚ್‌ನಲ್ಲಿ ಫಾಲೋಯಿಂಗ್, ಫೇವರಿಟ್ಸ್ ಅಂತ ಎರಡು ಆಯ್ಕೆ ಕೊಟ್ಟಿತು. ಫೇಸ್‌ಬುಕ್ಕಿನಲ್ಲೂ ಅದೇ ವರ್ಷ ಫೀಡ್ಸ್ ಅಂತ ಬೇರೆ ಪುಟ ಬಂತು. ಯೂಟ್ಯೂಬಿನಲ್ಲಿ ಸಬ್‌ಸ್ಕ್ರಿಪ್ಶನ್ಸ್ ಪುಟ ಇದೆ. ಇವು ಮೂರರಲ್ಲೂ ನೀವು ಆರಿಸಿದವರು ಹಾಕಿದ್ದು, ಹಾಕಿದ ಹೊತ್ತಿನ ಕ್ರಮದಲ್ಲಿ ಬರುತ್ತದೆ. ಆದರೆ ಆ್ಯಪ್ ತೆಗೆದ ಕೂಡಲೇ ಕಾಣುವುದು ಆ ಪುಟ ಅಲ್ಲ, ಪ್ರತಿ ಸಲ ಒತ್ತಿ ಹೋಗಬೇಕು. ದಾರಿಯಲ್ಲಿ ಒಂದು ರೀಲ್ ಕಣ್ಣಿಗೆ ಬಿದ್ದರೆ ಹೋದ ಕೆಲಸ ಮರೆತೇಹೋಗುತ್ತದೆ.

ಎರಡನೆಯದು ಆರ್‌ಎಸ್‌ಎಸ್. ಸಂಘದ ಹೆಸರಲ್ಲ, ಜಾಲತಾಣಗಳದ್ದು. ಇದು 1999ರಿಂದ ಇರುವ ಹಳೇ ವ್ಯವಸ್ಥೆ. ಜಾಲತಾಣ ತಾನು ಹೊಸದಾಗಿ ಹಾಕಿದ್ದರ ಪಟ್ಟಿಯನ್ನು ಒಂದು ವಿಳಾಸದಲ್ಲಿ ಇಡುತ್ತದೆ, ನಿಮ್ಮ ಫೋನಿನ ಆ್ಯಪ್ ಆ ಪಟ್ಟಿ ತಂದು ತೋರಿಸುತ್ತದೆ. ಮಧ್ಯದಲ್ಲಿ ಇದು ಮೇಲೆ, ಅದು ಕೆಳಗೆ ಅಂತ ಜೋಡಿಸುವವರು ಯಾರೂ ಇಲ್ಲ. ಇಂಥ ಪಟ್ಟಿಗಳನ್ನು ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದ ಮೇಲೆ ಇದು ಹೋಯಿತು ಅಂದುಕೊಂಡವರೇ ಜಾಸ್ತಿ. ಹೋಗಿಲ್ಲ. ಪ್ರತಿ ಯೂಟ್ಯೂಬ್ ಚಾನೆಲ್ಲಿಗೂ ಇವತ್ತಿಗೂ ಇಂಥ ಒಂದು ವಿಳಾಸ ಇದೆ. ನಾನು ಬಳಸುವುದು ಫೀಡರ್ ಅನ್ನುವ ಆ್ಯಪ್. ಉಚಿತ, ಮೂಲ ಕೋಡ್ ಎಲ್ಲರೂ ನೋಡುವಂತೆ ಇಟ್ಟಿದ್ದಾರೆ, ಅಕೌಂಟ್ ಕೇಳುವುದಿಲ್ಲ.

ಶುರು ಮಾಡುವುದಕ್ಕೆ ಸ್ವಲ್ಪ ಒದ್ದಾಟ ಇದೆ. ಚಾನೆಲ್ಲಿನ ಉದ್ದ ಸಂಖ್ಯೆ ಹುಡುಕಿ ವಿಳಾಸಕ್ಕೆ ಸೇರಿಸಬೇಕು. ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು, ಮಗಳು ಪಕ್ಕದಲ್ಲಿದ್ದಳು. ಆಮೇಲೆ ಕೈ ಹಾಕಬೇಕಾಗಿ ಬಂದಿಲ್ಲ.

ಯಾರನ್ನು ಸೇರಿಸಿದೆ ಅನ್ನುವುದು ಮುಖ್ಯ. ಹೊರಗಿನ ಯಾವ ಲೆಕ್ಕವೂ ನಿಮಗಾಗಿ ಆರಿಸುವುದಿಲ್ಲ ಅಂದರೆ ಆರಿಸುವ ಹೊಣೆ ನಿಮ್ಮದೇ. ನಾನು ಸಾಗರದ ಇರುವಕ್ಕಿಯಲ್ಲಿ ಮುಖ್ಯ ಕ್ಯಾಂಪಸ್ ಇರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರ ವಿಡಿಯೋಗಳಿಂದ ಶುರು ಮಾಡಿದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯದು ಸೇರಿಸಿದೆ, ಅಡಿಕೆಯ ಬಗ್ಗೆ ಅವರ ವಿಟ್ಲದ ಕೇಂದ್ರ ಬಹಳ ಕೆಲಸ ಮಾಡಿದೆ. ಆಮೇಲೆ ತಾವೇ ತೋಟ ಮಾಡಿ, ಆದದ್ದನ್ನೂ ಆಗದೇ ಹೋದದ್ದನ್ನೂ ತೋರಿಸುವ ಕೆಲವು ಕೃಷಿಕರು. ಮಾರುವವರನ್ನು ಒಬ್ಬರನ್ನೂ ಸೇರಿಸಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುವಾಗ ತೆಗೆದರೆ ನಾಲ್ಕೋ ಐದೋ ಸಾಲು ಇರುತ್ತವೆ. ಕೆಲವು ದಿನ ಒಂದೂ ಇರುವುದಿಲ್ಲ. ನೋಡಿದ ಮೇಲೆ ಪಟ್ಟಿ ಮುಗಿಯುತ್ತದೆ. ಹಾಗೇ ಬಿಟ್ಟ ಫೀಡಿಗೂ ಇದಕ್ಕೂ ನಾನು ಕಂಡ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ತಳ ಅನ್ನುವುದೇ ಇಲ್ಲ. ಇಲ್ಲಿ ಕೆಳಗೆ ಎಳೆದರೆ ಇನ್ನೇನೂ ಬರುವುದಿಲ್ಲ, ಫೋನ್ ಇಟ್ಟು ತೋಟಕ್ಕೆ ಹೋಗಬಹುದು. ಇನ್ನೊಂದು ಲಾಭ ನಮ್ಮ ಊರಿಗೇ ಸೇರಿದ್ದು. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ವೈಫೈ ಹೋಯಿತು, ಟವರೂ ಹೋಯಿತು. ಸಿಗ್ನಲ್ ಒಂದು ಕ್ಷಣ ಬಂದು ಹೋದರೂ ಆ ಪಟ್ಟಿ ಇಳಿದಿರುತ್ತದೆ, ಬರಹಗಳನ್ನು ಆಮೇಲೆ ನಿಧಾನಕ್ಕೆ ಓದಬಹುದು.

ಕೊರತೆ ಇಲ್ಲದೆ ಇಲ್ಲ. ಗೊತ್ತಿಲ್ಲದ ಒಳ್ಳೆಯವರು ತಾವಾಗೇ ಬರುವುದಿಲ್ಲ. ಮಾವನವರಿಗೆ ಸಿಕ್ಕಿದ ಹಳೇ ಕ್ಯಾಸೆಟ್ಟುಗಳು ಇದರಲ್ಲಿ ಸಿಗುತ್ತಲೇ ಇರಲಿಲ್ಲ. ಮತ್ತೆ, ಒಂದೇ ಅಭಿಪ್ರಾಯದವರನ್ನು ಆರಿಸಿಕೊಂಡರೆ ಒಂದೇ ಮಾತು ಕೇಳುತ್ತಾ ಕೂರುತ್ತೇವೆ. ಅದಕ್ಕಾಗಿ ಸಾವಯವ ಮಾಡುವವರನ್ನೂ, ರಾಸಾಯನಿಕ ಹೊಡೆಯುವವರನ್ನೂ ಬೇಕೆಂದೇ ಸೇರಿಸಿದ್ದೇನೆ. ಅವರಿಬ್ಬರ ಮಾತು ಒಂದರ ಕೆಳಗೊಂದು ಬಂದ ದಿನ ನಾನು ಎರಡನ್ನೂ ಪೂರ್ತಿ ನೋಡುತ್ತೇನೆ.

ಮಳೆಯ ವಿಷಯಕ್ಕೆ ಫೀಡೇ ಬೇಡ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿ, ಪಂಚಾಯಿತಿ ಮಟ್ಟದ ಮಳೆಯ ಅಳತೆ ಕೊಡುತ್ತಾರೆ, ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು. "ಭಾರೀ ಎಚ್ಚರಿಕೆ" ಅಂತ ದಿನಾ ಒಂದು ಕೆಂಪು ಚಿತ್ರ ಹಾಕುವ ವಿಡಿಯೋಗಳನ್ನು ನೋಡಿ ಕೊನೆಗಾರನಿಗೆ ಬರಬೇಡ ಅನ್ನುವ ಬದಲು, ಕೇಳಿ ತಿಳಿದುಕೊಳ್ಳುವುದು ಎಷ್ಟೋ ಮೇಲು.

ವಾಟ್ಸಾಪ್ ಗುಂಪು

ಇದನ್ನು ಹೋಲಿಕೆಯಲ್ಲಿ ಸೇರಿಸಬೇಕಾ ಅಂತ ಕೆಲವರಿಗೆ ಅನ್ನಿಸಬಹುದು. ಸೇರಿಸಲೇಬೇಕು. ಹಳ್ಳಿಯಲ್ಲಿ ಸುದ್ದಿ ಬರುವುದು ಹೆಚ್ಚಾಗಿ ಇಲ್ಲಿಂದಲೇ. ಗುಂಪಿನ ಒಳಗೆ ಮೆಸೇಜುಗಳು ಬಂದ ಕ್ರಮದಲ್ಲೇ ಕೂರುತ್ತವೆ, ಯಾರಿಗೆ ಯಾವುದು ಮೇಲೆ ಅಂತ ಜೋಡಿಸುವ ಲೆಕ್ಕ ಇಲ್ಲ. 2016ರಿಂದ ಮೆಸೇಜುಗಳು ಎರಡೂ ತುದಿಗೆ ಬೀಗ ಹಾಕಿಯೇ ಹೋಗುತ್ತವೆ, ಒಳಗೇನಿದೆ ಅಂತ ಕಂಪನಿಗೆ ಕಾಣುವುದಿಲ್ಲ. ಯಾರು ಯಾರಿಗೆ, ಯಾವಾಗ ಕಳಿಸಿದರು ಅನ್ನುವುದು ಬೇರೆ ಮಾತು.

"ನಮ್ಮಲ್ಲಿ ಬೆಳಿಗ್ಗೆ ಬಿಸಿಲು ಬಂತು, ಹೊಡೆಸ್ತಾ ಇದೀವಿ" ಅಂತ ಹತ್ತು ಮೈಲಿ ಆಚೆಯವರು ಹಾಕಿದ ಒಂದು ಸಾಲಿಗೆ ಯಾವ ಫೀಡೂ ಸಮ ಅಲ್ಲ. ರಾಶಿ, ಬೆಟ್ಟೆ, ಗೊರಬಲು ಅನ್ನುವ ಅಡಿಕೆಯ ಬಗೆಗಳ ದರ ಸಂಜೆಯ ಹೊತ್ತಿಗೆ ಬಂದಿರುತ್ತದೆ. ಗೊನೆಯ ಫೋಟೋ ಹಾಕಿದರೆ ಅರ್ಧ ಗಂಟೆಯಲ್ಲಿ ನಾಲ್ಕು ಜನ ಉತ್ತರ ಕೊಡುತ್ತಾರೆ, ಅವರ ತೋಟ ಯಾವುದು ಅಂತ ನಮಗೆ ಗೊತ್ತಿರುತ್ತದೆ. ಆದರೆ ಆಯ್ಕೆ ಮಾಡುವವರು ಇಲ್ಲಿ ಜನ. ಅವರ ಭಯವೂ ಮೆಸೇಜಿನ ಜೊತೆಗೇ ಬರುತ್ತದೆ. "ಒಂದೇ ಸ್ಪ್ರೇ" ವಿಡಿಯೋ ಇಲ್ಲಿಗೂ ಬಂತು, ಒಳ್ಳೆಯ ಮನಸ್ಸಿನಿಂದ ಹಾಕಿದವರಿಂದಲೇ. ಫಾರ್ವರ್ಡ್ ಮಾಡುವುದಕ್ಕೆ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್ ಅಂತ ಮಿತಿ ಬಂತು, ಬಹಳ ಸಲ ತಿರುಗಿದ್ದಕ್ಕೆ 2020ರಿಂದ ಒಂದೇ ಚಾಟ್. ಎರಡು ಬಾಣದ ಗುರುತು ಕಂಡರೆ ಅದು ಅಷ್ಟು ತಿರುಗಿದ್ದು ಅಂತ ತಿಳಿಯಿರಿ. ನಮ್ಮ ಗುಂಪಿನಲ್ಲಿ ಈಗ ಅಂಥದ್ದು ಬಂದರೆ "ನೀವು ಹೊಡೆಸಿ ನೋಡಿದ್ದೀರಾ?" ಅಂತ ಯಾರಾದರೂ ಕೇಳುತ್ತಾರೆ.

ಯಾವ ಸೆಟ್ಟಿಂಗೂ ತಡೆಯದ್ದು

ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಬಿಲ್ ಮಾಡುವಾಗ ಫೋನ್ ನಂಬರ್ ಕೇಳಿದರು, ನಮ್ಮನೆಯವರು ಕೊಟ್ಟರು. ಕೆಲವು ದಿನದಲ್ಲಿ ಅವರ ಫೋನಿನಲ್ಲಿ ಅದೇ ಅಂಗಡಿಯ ಜಾಹೀರಾತು. ಅವರು ಏನನ್ನೂ ಹುಡುಕಿರಲಿಲ್ಲ. ಜಾಹೀರಾತಿನ ಮೂಲೆಯಲ್ಲಿ "ಇದು ನನಗೆ ಯಾಕೆ ಬಂತು" ಅನ್ನುವುದನ್ನು ಒತ್ತಿದೆ. ಜಾಹೀರಾತು ಕೊಟ್ಟವರು ಹಾಕಿದ ಗ್ರಾಹಕರ ಪಟ್ಟಿಯಲ್ಲಿ ನೀವಿದ್ದೀರಿ ಅಂತ ಬರೆದಿತ್ತು. ಅಂಗಡಿಯವರು ನಂಬರುಗಳ ಪಟ್ಟಿ ಕೊಡುತ್ತಾರೆ, ಆ್ಯಪ್ ಅದನ್ನು ತನ್ನ ಅಕೌಂಟುಗಳ ಜೊತೆ ಹೊಂದಿಸಿ ಜಾಹೀರಾತು ತಲುಪಿಸುತ್ತದೆ. ನೀವು ಹಿಸ್ಟರಿ ಬಂದ್ ಮಾಡಿ, ಗುರುತಿನ ಸಂಖ್ಯೆ ಅಳಿಸಿ, ಆರ್‌ಎಸ್‌ಎಸ್ ಹಾಕಿಕೊಳ್ಳಿ, ಬಿಲ್ಲಿನಲ್ಲಿ ಕೊಟ್ಟ ನಂಬರಿಗೆ ಅವು ಯಾವುವೂ ತಾಗುವುದಿಲ್ಲ. ಇದು ನನಗೆ ಬಹಳ ಸಿಟ್ಟು ತರಿಸಿದ ಸಂಗತಿ. ಸಾಲ ಎಷ್ಟಿದೆ, ಯಾವ ರೋಗಕ್ಕೆ ಏನು ಕೊಂಡರು ಅನ್ನುವುದು ಕೃಷಿಕರ ಮನೆಯ ಮಾತು. ಕೇಳದೇ ಬೇರೆಯವರ ಕೈಗೆ ಕೊಡುವುದಕ್ಕೆ ಅಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಒಪ್ಪಿಗೆ, ಅಳಿಸುವ ಹಕ್ಕು ಮುಂತಾದ ಮುಖ್ಯ ಭಾಗ ಜಾರಿಗೆ ಬರಲು ಆಗಿನಿಂದ 18 ತಿಂಗಳು ಕೊಟ್ಟಿದ್ದಾರೆ. ಹದಿನೆಂಟು ವರ್ಷದೊಳಗಿನ ಮಕ್ಕಳ ಚಟುವಟಿಕೆಯ ಬೆನ್ನುಹತ್ತಿ ಜಾಹೀರಾತು ತೋರಿಸಬಾರದು ಅಂತಲೂ ಕಾಯ್ದೆ ಹೇಳುತ್ತದೆ. ನನಗೆ ಅದರಲ್ಲಿ ಕಾಣದ ಒಂದು ಮಾತು ಯುರೋಪಿನಲ್ಲಿದೆ: ದೊಡ್ಡ ಆ್ಯಪ್‌ಗಳು ವೈಯಕ್ತಿಕ ಕಡತ ಬಳಸದ ಫೀಡ್ ಒಂದನ್ನು ಕೊಡಲೇಬೇಕು ಅನ್ನುವುದು. ಅಂಥ ಗುಂಡಿ ಇಲ್ಲಿಯೂ ಬೇಕು. ಅದನ್ನು ಒತ್ತಿದರೆ ಪ್ರತಿ ಸಲ ಮತ್ತೆ ಒತ್ತಬೇಕಾಗಬಾರದು.

ಸದ್ಯಕ್ಕೆ ನಮ್ಮ ಮನೆಯ ಫೋನುಗಳು ಹೀಗಿವೆ. ಮಾವನವರದ್ದು ಹಾಗೇ ಬಿಟ್ಟ ಫೀಡು, ಜಾಹೀರಾತಿನ ಗುರುತಿನ ಸಂಖ್ಯೆ ಮಾತ್ರ ಇಲ್ಲ. ಅದರಲ್ಲಿ ತೋಟದ ವಿಷಯ ಯಾರೂ ಹುಡುಕಬಾರದು ಅಂತ ಹೇಳಿದ್ದೇನೆ, ಒಂದು ಸಲ ಹುಡುಕಿದರೆ ತಾಳಮದ್ದಳೆಯ ಮಧ್ಯೆ ಸ್ಪ್ರೇ ಬಂದು ಕೂರುತ್ತದೆ. ಮಗಳದ್ದರಲ್ಲಿ ಹಿಸ್ಟರಿ 3 ತಿಂಗಳಿಗೆ ಅಳಿಯುತ್ತದೆ, ಬೇಡದ ಚಾನೆಲ್ ಅವಳೇ ತಡೆಯುತ್ತಾಳೆ. ನನ್ನದರಲ್ಲಿ ಹಿಸ್ಟರಿ ಬಂದ್, ತೋಟಕ್ಕೆ ಫೀಡರ್, ದರಕ್ಕೆ ವಾಟ್ಸಾಪ್. ಅಂಗಡಿಯಲ್ಲಿ ನಂಬರ್ ಕೇಳಿದರೆ ನಾವಿಬ್ಬರೂ "ಬಿಲ್ ಕಾಗದದಲ್ಲೇ ಕೊಡಿ" ಅನ್ನುತ್ತೇವೆ. ಆ ಅಂಗಡಿಗೆ, ಪಟ್ಟಿಯಿಂದ ನಮ್ಮ ನಂಬರ್ ತೆಗೆಯಿರಿ ಅಂತ ಪತ್ರ ಬರೆದು ಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.